ಎರಡೂವರೆ ಗಂಟೆ ಮುಂದಿನ ಗಡಿಯಾರ

ಕತಾರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಅಣ್ಣ ವೆಲ್ಡರ್. ನಾನು ಅದೇ ವರ್ಕ್‌ಶಾಪಿನಲ್ಲಿ ಪೇಂಟರ್. ಅವನ ಕೈಗಡಿಯಾರ ಮಾತ್ರ ಎರಡೂವರೆ ಗಂಟೆ ಮುಂದೆ, ಊರಿನ ಹೊತ್ತಿಗೆ ಓಡುತ್ತಿತ್ತು. ವೆಲ್ಡಿಂಗ್ ಗಾಜನ್ನು ಹಣೆಗೇರಿಸಿ ಅದನ್ನು ನೋಡುತ್ತಾ, "ಅವ್ವ ಈಗ ದೀಪ ಹಚ್ತಾವ್ಳೆ ಕಣ್ಲಾ" ಎನ್ನುತ್ತಿದ್ದ.

"ನಿನ್ ಗಡಿಯಾರ ಆಗ್ಲೇ ಊರು ಸೇರೈತೆ, ನೀನ್ಯಾವಾಗಪ್ಪಾ?" ಎಂದು ಜೊತೆಯವರು ನಗುತ್ತಿದ್ದರು.

ಶುಕ್ರವಾರ ರಜೆ. ಅವತ್ತು ಅವ್ವನಿಗೆಂದು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದ.

ಒಂದು ಸೋಮವಾರ ಅವನು ಸೈಟಿಗೆ ಹೋಗಿದ್ದಾಗ ಆಫೀಸಿಗೆ ಮಾವನ ಫೋನ್ ಬಂತು. ಅವ್ವ ತೀರಿಕೊಂಡಿದ್ದಳು. ನಾನು ಅಣ್ಣನಿಗೆ ಹೇಳಲಿಲ್ಲ. ಊರಿಗೆ ಹೋದರೆ ಅವನು ಮರಳುವುದಿಲ್ಲ, ಕ್ಯಾಂಪಿನಲ್ಲಿ ನಾನೊಬ್ಬನೇ ಉಳಿಯುತ್ತೇನೆ ಎಂದು ಹೆದರಿದೆ. ಆ ಶುಕ್ರವಾರವೂ ಅವನು ಕ್ಯಾಸೆಟ್ ಹಾಕಿ, "ನೀನೂ ಮಾತಾಡ್ಲಾ" ಎಂದ.

"ಹುಷಾರಾಗಿರವ್ವಾ" ಎಂದೆ.

ಮಾವನ ಕಾಗದ ಬರುವಷ್ಟರಲ್ಲಿ ಊರಿನಲ್ಲಿ ಹನ್ನೊಂದನೇ ದಿನದ ತಿಥಿ ಮುಗಿದಿತ್ತು. ಅವ್ವ ತೀರಿಕೊಂಡ ದಿನವೇ ನಿನ್ನ ತಮ್ಮನಿಗೆ ಫೋನಿನಲ್ಲಿ ತಿಳಿಸಿದ್ದೆ ಎಂದೂ ಅದರಲ್ಲಿ ಬರೆದಿತ್ತು. ಅಣ್ಣ ಬೈಯಲಿಲ್ಲ. "ನಂಗೆ ಅವ್ವ ಸತ್ತಿದ್ದು ಇವತ್ತು" ಎಂದಷ್ಟೇ ಹೇಳಿದ. ಅಂದಿನಿಂದ ಹನ್ನೊಂದು ದಿನ ಎಣಿಸಿ ತಲೆ ಬೋಳಿಸಿಕೊಂಡ. ಅವತ್ತೇ ಗಡಿಯಾರದ ಮುಳ್ಳನ್ನೂ ಕತಾರಿನ ಹೊತ್ತಿಗೆ ಹಿಂದೆ ತಿರುಗಿಸಿದ.

ಹೇಗಾದರೂ ಅವನನ್ನು ಮಾತಾಡಿಸಬೇಕೆಂದು ಒಮ್ಮೆ ಕೇಳಿದೆ: "ಊರಲ್ಲಿ ಈಗ ಎಷ್ಟು ಗಂಟೆ ಅಣ್ಣಾ?"

"ಊರಿನ್ ಸುದ್ದಿ ನಿಂಗೇ ಮೊದ್ಲು ಗೊತ್ತಾಯ್ತದಲ್ಲ" ಎಂದವನು ಗಾಜನ್ನು ಮುಖಕ್ಕೆ ಇಳಿಸಿಕೊಂಡ.