ಮೂರನೆಯ ಸಾಲಿನ ಉಸಿರು

ಮೇವಿನ ಅಂಗಡಿಯ ರೇಡಿಯೋದಲ್ಲಿ ಮೊದಲು ಗಂಟೆ ಕಿಣಿಕಿಣಿ ಎಂದಿತು, ಆಮೇಲೆ ಒಬ್ಬ ಹುಡುಗಿ ಹಾಡಿದಳು. ಗ್ವೆರ್ವಿಲ್ ಕುರಿಗಳಿಗೆ ನೆಕ್ಕಲು ಹಾಕುವ ಉಪ್ಪಿನ ಗಟ್ಟಿಯೊಂದನ್ನು ಎದೆಗವಚಿಕೊಂಡು ನಿಂತಿದ್ದಳು. ಹುಡುಗಿ ಹಾಡಿದ್ದು ನಾಲ್ಕೇ ಸಾಲು. ಅದರ ಬೆನ್ನಿಗೇ ಗಂಡಸೊಬ್ಬ ನಗುನಗುತ್ತಾ, ಹಬ್ಬದ ಊಟಕ್ಕೆ ಯಾವ ಚೀಸ್ ಒಳ್ಳೆಯದು, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಹೇಳತೊಡಗಿದ.

"ಎಲ್ವಿನ್, ಇದನ್ನ ಯಾರು ಹಾಕಿದ್ದು?"

"ನಾನೆಲ್ಲಿ ಹಾಕ್ಲಿ ಗ್ವೆರ್ವಿಲಕ್ಕ, ಜಾಹೀರಾತು ಅದು, ತಾನಾಗೇ ಬರುತ್ತೆ. ಬೆಳಗಿಂದ ಕೇಳಿ ಕೇಳಿ ಸಾಕಾಯ್ತು. ನಿಮ್ಮನೆ ಹಾಡಿನ ಥರಾನೇ ಇದೆ, ಅಲ್ವಾ?" ಎಂದ ಅಂಗಡಿಯವನು.

"ಥರ ಅಲ್ಲ. ನಮ್ಮನೇದೇ."

"ಹಂಗಾದ್ರೆ ನೀವೀಗ ದೊಡ್ಡ ಜನ. ಇನ್ನು ಉಪ್ಪಿಗೆ ಚೌಕಾಸಿ ಮಾಡೋ ಹಾಗಿಲ್ಲ."

ಗ್ವೆರ್ವಿಲ್ ನಗಲಿಲ್ಲ. ಉಪ್ಪನ್ನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟು, ತೆಗೆದುಕೊಳ್ಳದೆ ಹೊರಟುಹೋದಳು.

ವೆಲ್ಷ್ ನಾಡಿನ ಬೆರ್ವಿನ್ ಬೆಟ್ಟದ ಈ ಮಗ್ಗುಲಿನಲ್ಲಿ ಒಂದೊಂದು ಮನೆಗೆ ಒಂದೊಂದು ಕ್ರಿಸ್‌ಮಸ್ ಹಾಡು ಇರುತ್ತದೆ. ಹೊಲ, ಕುರಿ, ಗಡಿಯಾರ ಇದ್ದ ಹಾಗೆ ಅದೂ ಮನೆಯ ಆಸ್ತಿ. ವರ್ಷಕ್ಕೊಮ್ಮೆ, ಪ್ಲಗೈನ್ ಎಂಬ ಕ್ರಿಸ್‌ಮಸ್ ಹಾಡುಸೇವೆಯ ದಿನ, ಚರ್ಚಿನಲ್ಲಿ ಅದನ್ನು ಹಾಡುತ್ತಾರೆ. ವಾದ್ಯವಿಲ್ಲ, ಚಪ್ಪಾಳೆಯಿಲ್ಲ, ಈಗ ಇಂಥವರು ಬನ್ನಿ ಎಂದು ಕರೆಯುವವರೂ ಇಲ್ಲ. ಮನಸ್ಸಿಗೆ ಬಂದಾಗ ಒಂದು ಮನೆಯವರು ಎದ್ದು ಮುಂದೆ ಹೋಗುತ್ತಾರೆ, ಹಾಡಿ ಬಂದು ಕೂರುತ್ತಾರೆ. ನಡುವೆ ಬರೀ ಮೌನ. ಒಂದೇ ಕಟ್ಟುಪಾಡು: ಆ ಸಂಜೆ ಒಮ್ಮೆ ಹಾಡಿದ ಹಾಡನ್ನು ಇನ್ನೊಬ್ಬರು ಹಾಡುವಂತಿಲ್ಲ. ಮನೆಮನೆಯ ಹಾಡು ಬೇರೆ ಬೇರೆಯಾದ್ದರಿಂದ ಗ್ವೆರ್ವಿಲ್ ಮನೆಯವರಿಗೆ ಅದರ ಚಿಂತೆ ಎಂದೂ ಬಂದಿರಲಿಲ್ಲ.

ಆಕೆ ಹುಟ್ಟಾ ಅನುಮಾನದವಳು. ಊರ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದ ಕಾಲದಲ್ಲಿ ಬಂದ ಹಾಲನ್ನೆಲ್ಲ ಮೂಸಿಯೇ ಒಳಗೆ ಬಿಡುತ್ತಿದ್ದಳು. ಉಡುಗೊರೆ ಕೊಟ್ಟರೆ ಕಾಗದ ಬಿಚ್ಚುವ ಮೊದಲು ಕೊಟ್ಟವರ ಮುಖ ನೋಡುತ್ತಿದ್ದಳು. ಚಿಕ್ಕವಳಿದ್ದಾಗ ಪ್ಲಗೈನ್ ನಡೆಯುತ್ತಿದ್ದುದು ಬೆಳಕು ಹರಿಯುವ ಮುಂಚೆ. ರಾತ್ರಿಯಿಡೀ ಮಕ್ಕಳೆಲ್ಲ ಎಚ್ಚರವಿದ್ದು, ಬೆಲ್ಲದ ಪಾಕದಂಥ ಮಿಠಾಯಿಯನ್ನು ಬೆಣ್ಣೆ ಸವರಿದ ಕೈಯಲ್ಲಿ ಎಳೆದೆಳೆದು ಮಾಡಿ, ಮೇಣದ ಬತ್ತಿ ಹಿಡಿದು ಇಬ್ಬನಿಯಲ್ಲಿ ನಡೆದು ಹೋಗುತ್ತಿದ್ದರು. ಮುಂದೆ ಪಾದ್ರಿಗಳು ಅದನ್ನು ಸಂಜೆಗೆ ಬದಲಾಯಿಸಿದಾಗ ಆಕೆ ಕೇಳಿದ್ದಿಷ್ಟೇ: "ನಿದ್ದೆ ಬರ್ತಿರೋದು ನಿಮಗೋ, ದೇವರಿಗೋ?"

ದೇವರ ಬಗ್ಗೆ ಆಕೆ ಅದಕ್ಕಿಂತ ಹೆಚ್ಚು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಆದರೆ ಹಾಡಿನ ವಿಷಯ ಬೇರೆ. ಅದರಲ್ಲಿ ಮಗು ಹುಟ್ಟುವುದು ಮೊದಲನೆಯ ಪದ್ಯದಲ್ಲಿ ಮಾತ್ರ. ಆಮೇಲೆ ಅದು ಬೆಳೆಯುತ್ತದೆ, ಹಸಿಯುತ್ತದೆ, ನಂಬಿದವನಿಂದಲೇ ಮೋಸ ಹೋಗುತ್ತದೆ, ಕೊನೆಗೆ ಮರಕ್ಕೆ ಜಡಿಸಿಕೊಳ್ಳುತ್ತದೆ. ಅಷ್ಟನ್ನೂ ಹಾಡದೆ ಕೂತವರು ಅವರ ಮನೆಯಲ್ಲಿ ಇರಲಿಲ್ಲ. ರೇಡಿಯೋದವರು ತೊಟ್ಟಿಲ ಹತ್ತಿರವೇ ನಿಲ್ಲಿಸಿ ಚೀಸ್ ಇಟ್ಟಿದ್ದರು.

ಕದ್ದವರು ಯಾರು? ಆಕೆಗೆ ಸಂದೇಹವೇ ಇರಲಿಲ್ಲ: ಪೆನ್‌ಫೋಲ್ಡ್. ಬರ್ಮಿಂಗ್‌ಹ್ಯಾಮ್‌ನಿಂದ ಬಂದು ಪಕ್ಕದ ಹಳೆಯ ಕೊಟ್ಟಿಗೆಯನ್ನು ಕೊಂಡು ಪ್ರವಾಸಿಗರ ಮನೆ ಮಾಡಿದವನು. ನವೆಂಬರ್ ಹುಟ್ಟುವ ಮೊದಲೇ ದೀಪದ ಜಿಂಕೆಗಳನ್ನು ಬೇಲಿಯ ಮೇಲೆ ನಿಲ್ಲಿಸುವವನು. ಹೋದ ವರ್ಷ ಪ್ಲಗೈನ್‌ಗೆ ಬಂದು ಹಿಂದಿನ ಬೆಂಚಿನಲ್ಲಿ, ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡೇ ಕೂತಿದ್ದ. ಚಳಿಗೆ ಇಟ್ಟುಕೊಂಡಿದ್ದನೋ, ಜೇಬಿನೊಳಗಿನ ಫೋನಿಗೋ?

ರೇಡಿಯೋದಲ್ಲಿ ಹಾಡು ಕೇಳಿದ ದಿನದಿಂದ, ದಾರಿಯಲ್ಲಿ ಅವನು ಕೈ ಬೀಸಿದರೆ ಗ್ವೆರ್ವಿಲ್ ನಾಯಿಯನ್ನು ಕರೆಯುವವಳಂತೆ ನಟಿಸಿ ಆಚೆ ತಿರುಗುತ್ತಿದ್ದಳು.

ಆದರೆ ಒಂದು ಸಂಜೆ ಪಾತ್ರೆ ತೊಳೆಯುವಾಗ ಅಡುಗೆಮನೆಯ ರೇಡಿಯೋದಲ್ಲಿ ಆ ಹುಡುಗಿ ಮತ್ತೆ ಹಾಡಿದಳು. ಮೂರನೆಯ ಸಾಲಿನಲ್ಲಿ, ಒಂದು ಪದದ ನಟ್ಟನಡುವೆ, ಸಣ್ಣದಾಗಿ ಉಸಿರೆಳೆದುಕೊಂಡಳು. ಗ್ವೆರ್ವಿಲ್ ಕೈಯಲ್ಲಿದ್ದ ಬಟ್ಟಲು ನೀರಿನೊಳಗೆ ಜಾರಿತು.

ಆ ಉಸಿರು ಅಜ್ಜನದು. ಕಲ್ಲುಗಣಿಯ ಧೂಳು ಕುಡಿದು ಅಜ್ಜನ ಎದೆ ಅರ್ಧಕ್ಕರ್ಧ ಹೋಗಿತ್ತು. ಆ ಸಾಲನ್ನು ಪೂರ್ತಿ ಎಳೆಯಲು ಅವನಿಗೆ ಆಗುತ್ತಿರಲಿಲ್ಲ. ಅವನ ಬಾಯಿಂದ ಕಲಿತವರೆಲ್ಲ, ಎದೆ ಗಟ್ಟಿಯಿದ್ದವರೂ, ಅಲ್ಲೇ ಉಸಿರೆಳೆಯುವುದನ್ನು ಕಲಿತರು. ಹಾಡಿನ ಲೆಕ್ಕದಲ್ಲಿ ಅದು ತಪ್ಪು. ಆ ಮನೆಯ ಲೆಕ್ಕದಲ್ಲಿ ಅದೇ ಹಾಡು. ಆದರೆ ಚರ್ಚಿನಲ್ಲಿ ಅದು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಆ ಮನೆಯಿಂದ ಹಾಡುತ್ತಿದ್ದ ನಾಲ್ವರಲ್ಲಿ ಈಗ ಉಳಿದವರು ಗ್ವೆರ್ವಿಲ್ ಮತ್ತು ತಮ್ಮ ತೆಗ್ವಿನ್ ಇಬ್ಬರೇ. ಅವನು ಉಸಿರೆಳೆಯುವಾಗ ಇವಳು ಸ್ವರವನ್ನು ಬಿಡದೆ ಹಿಡಿದಿದ್ದು, ಅವನು ಸ್ವರ ಹಿಡಿದ ಮೇಲೆ ತಾನು ಉಸಿರೆಳೆಯುತ್ತಿದ್ದಳು. ಹಿಂದಿನ ಬೆಂಚಿನಲ್ಲಿ ಕೂತು ಕದ್ದವನಿಗೆ ಆ ಉಸಿರು ಸಿಕ್ಕಲು ಸಾಧ್ಯವಿಲ್ಲ. ಅದನ್ನು ಕೊಟ್ಟವರು ಒಬ್ಬರೇ ಕೂತು ಹಾಡಿ ತೋರಿಸಿರಬೇಕು.

ತಾನಂತೂ ಅಲ್ಲ.

ತಮ್ಮನನ್ನು ಆಕೆ ಕೇಳಲಿಲ್ಲ. ಎಂದಿನಂತೆ ಪ್ಲಗೈನ್‌ಗೆ ಮುಂಚೆ ಮನೆಯಲ್ಲಿ ಇಬ್ಬರೂ ಅಭ್ಯಾಸಕ್ಕೆ ನಿಂತಾಗ ಅವನ ಮುಖ ನೋಡುತ್ತಾ ಹಾಡಿದಳು. ಅವನು ಒಲೆಯ ಕಡೆ ನೋಡುತ್ತಾ ಹಾಡಿದ.

ಪ್ಲಗೈನ್ ಸಂಜೆ ಚರ್ಚಿನ ಬಾಗಿಲಲ್ಲಿ ಪೆನ್‌ಫೋಲ್ಡ್ ನಿಂತಿದ್ದ. ಜೊತೆಗೆ ಅವನ ಮನೆಯಲ್ಲಿ ಹಬ್ಬಕ್ಕೆ ತಂಗಿದ್ದ ಐದಾರು ಮಂದಿ, ಎಲ್ಲರ ಕೈಯಲ್ಲೂ ಮಡಿಸಿದ ಹಾಳೆ.

"ಈ ಸಲ ನಾವೂ ಹಾಡ್ತೀವಿ ಮೇಡಂ," ಎಂದ, ಕಷ್ಟಪಟ್ಟು ಕಲಿತ ವೆಲ್ಷ್‌ನಲ್ಲಿ. "ಯಾವ ಹಾಡು ಅಂತ ಹೇಳಲ್ಲ. ಕೇಳಿದ್ರೆ ನಿಮಗೆ ತುಂಬಾ ಖುಷಿ ಆಗುತ್ತೆ."

"ನನಗೆ ಖುಷಿ ಆಗೋದು ಅಷ್ಟು ಸುಲಭ ಅಲ್ಲ," ಎಂದು ಗ್ವೆರ್ವಿಲ್ ಒಳಗೆ ಹೋದಳು.

ಅಜ್ಜನ ಕಾಲದಿಂದ ಅವರ ಮನೆಯವರು ಎದ್ದು ಹೋಗುವುದು ಎಲ್ಲರಿಗಿಂತ ಕೊನೆಗೆ. ಆ ಸಂಜೆ ಬೆಂಚು ಕಿರ್ರೆಂದಾಗಲೆಲ್ಲ ಆಕೆಯ ಕತ್ತು ತಿರುಗುತ್ತಿತ್ತು. ಗಿರಣಿ ಮನೆಯ ಮೂವರು ಅಣ್ಣತಮ್ಮಂದಿರು ಎದ್ದು ಹಾಡಿ ಬಂದರು. ಮೌನ. ಮೇಲಿನ ಹೊಲದ ತಾಯಿ ಮಗಳು ಹಾಡಿ ಬಂದರು. ಮೌನ. ಆ ಮೌನದಲ್ಲಿ ಹಿಂದಿನಿಂದ ಹಾಳೆಗಳ ಸರಸರ ಕೇಳಿತು.

"ಅವರು ನಮ್ಮದನ್ನೇ ಹಾಡ್ತಾರೆ," ಗ್ವೆರ್ವಿಲ್ ಪಿಸುಗುಟ್ಟಿದಳು. "ಅವರು ಹಾಡಿದ ಮೇಲೆ ನಾವು ಬಾಯಿ ಮುಚ್ಕೊಂಡು ಕೂರಬೇಕು."

ತೆಗ್ವಿನ್ ಟೋಪಿಯನ್ನು ಮೊಣಕಾಲ ಮೇಲೆ ತಿರುಗಿಸುತ್ತಿದ್ದ. "ಅಕ್ಕ, ಬೇಸಿಗೇಲಿ ಒಂದು ಹುಡುಗಿ ಪೆನ್‌ಫೋಲ್ಡ್ ಮನೇಲಿ ಉಳ್ಕೊಂಡಿದ್ಲು."

"ಗೊತ್ತು."

"ಏನ್ ಗೊತ್ತು?"

"ಮೂರನೇ ಸಾಲಲ್ಲಿ ಉಸಿರು ತಗೊಳ್ಳೋ ಹಾಗೆ ಅವಳಿಗೆ ಹೇಳಿಕೊಟ್ಟೋನು ನೀನು ಅಂತ."

ಟೋಪಿ ತಿರುಗುವುದು ನಿಂತಿತು. "ಚೀಸ್ ಮಾರೋಕೆ ಅಂತ ನನಗೆ ಗೊತ್ತಿರಲಿಲ್ಲ, ಅಕ್ಕ. ಹಳೇ ಹಾಡಂದ್ರೆ ಪ್ರಾಣ ಅಂದ್ಲು. ನಾಲ್ಕು ಪದ್ಯಾನೂ ಕೂತು ಕಲಿತ್ಲು, ಕೊನೇ ಪದ್ಯಕ್ಕೆ ಅತ್ತಳು. ನೀನು ಯಾವತ್ತಾದ್ರೂ ಅತ್ತಿದೀಯಾ?"

"ಹಾಡೋರು ಅಳ್ತಾ ಕೂತ್ರೆ ಹಾಡೋದ್ಯಾರು?"

"ನಮಗೆ ಮಕ್ಕಳಿಲ್ಲ. ನೀನೊಂದು ಕಡೆ ಕೆಮ್ತೀಯ, ನಾನೊಂದು ಕಡೆ ಕುಂಟ್ತೀನಿ. ನಮ್ಮ ಜೊತೆ ಇದೂ ಮಣ್ಣಿಗೆ ಹೋಗಬೇಕಾ? ಕಲಿಸಿ ಅಂತ ಕೇಳಿದೋಳು ಅವಳೊಬ್ಬಳೇ. ನಮ್ಮೂರಲ್ಲಿ ಒಬ್ಬರಾದ್ರೂ ಕೇಳಿದಾರಾ?"

"ನನ್ನನ್ನ ಕೇಳಬೇಕಿತ್ತು. ನೀನು ಕೇಳಲಿಲ್ಲ."

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ."

ಮುಂದಿನ ಬೆಂಚಿನವರೊಬ್ಬರು ತಿರುಗಿ ನೋಡಿದರು. ಹಿಂದೆ ಬೆಂಚು ಕಿರ್ರೆಂದಿತು. ಪೆನ್‌ಫೋಲ್ಡ್ ಎದ್ದು ನಿಂತಿದ್ದ. ಕನ್ನಡಕ ಸರಿಮಾಡಿಕೊಳ್ಳುತ್ತಾ, ತನ್ನವರೆಲ್ಲ ಏಳಲಿ ಎಂದು ನಗುಮುಖದಿಂದ ಕಾಯುತ್ತಿದ್ದ. ಆ ನಗುವಿನಲ್ಲಿ ಕಳ್ಳತನವಿರಲಿಲ್ಲ. ಗ್ವೆರ್ವಿಲ್‌ಗೆ ಅದೂ ಕಂಡಿತು. ಅದರಿಂದ ಅವಳ ಭಯವೇನೂ ಕಡಿಮೆಯಾಗಲಿಲ್ಲ. ಅವನ ಹಾಳೆ ತೆಳ್ಳಗಿತ್ತು, ಒಂದೇ ಮಡಿಕೆ. ಅದರೊಳಗೆ ಒಂದು ಪದ್ಯಕ್ಕಿಂತ ಹೆಚ್ಚು ಹಿಡಿಯುವಂತೆ ಕಾಣಲಿಲ್ಲ.

ಹಾಡುವ ಮೊದಲು ತಟ್ಟಿ ಸ್ವರ ಹಿಡಿಯುವ ಉಕ್ಕಿನ ಶ್ರುತಿಕವೆಯನ್ನು ಆಕೆ ಕೈಚೀಲದಿಂದ ತೆಗೆದಳು. ಅಜ್ಜನದೇ, ಹಿಡಿ ಸವೆದದ್ದು.

"ಅಕ್ಕ, ಇನ್ನೂ ನಮ್ಮ ಸರದಿ ಅಲ್ಲ. ನಾವು ಯಾವತ್ತೂ ಕೊನೇಲಿ ಅಲ್ವಾ?"

"ಪಕ್ಕಕ್ಕೆ ಸರಿ."

"ಕಾಲು ಹಿಡ್ಕೊಂಡಿದೆ, ತಡಿ, ನಾನೂ ಏಳ್ತೀನಿ. ಒಬ್ಬಳೇ ಹೋಗ್ಬೇಡ. ಮೂರನೇ ಸಾಲಲ್ಲಿ ನೀನು ಉಸಿರು ತಗೊಂಡ್ರೆ ಸ್ವರ ಹಿಡಿಯೋದು ಯಾರು? ಎಲ್ಲರಿಗೂ ಕೇಳುತ್ತೆ ಅಕ್ಕ, ಅಜ್ಜನ ಕಾಲದಿಂದ ಯಾರಿಗೂ ಕೇಳಿಸದ ಹಾಗೆ ನಾವು..."

ಗ್ವೆರ್ವಿಲ್ ಆಗಲೇ ಅವನ ಮೊಣಕಾಲು ದಾಟಿ ಸಾಲುಗಳ ನಡುವಿನ ದಾರಿಗೆ ಇಳಿದಿದ್ದಳು. ಹಿಂದೆ ಪೆನ್‌ಫೋಲ್ಡ್ ಮರ್ಯಾದೆಯಿಂದ ಮತ್ತೆ ಕೂತದ್ದು ಕೇಳಿಸಿತು, ತಮ್ಮನ ಪಿಸುಮಾತು ಇನ್ನೂ ಮುಗಿಯದೆ ಬೆನ್ನಿಗೆ ಬರುತ್ತಿದ್ದುದೂ ಕೇಳಿಸಿತು. ಆಕೆ ಶ್ರುತಿಕವೆಯನ್ನು ತಟ್ಟಿ ಕಿವಿಯ ಹತ್ತಿರ ಹಿಡಿದುಕೊಂಡು, ಮೇಣದ ಬತ್ತಿಗಳ ಕಡೆಗೆ ನಡೆದಳು.