ದಾನಿಗಳು ಮೆಚ್ಚಿದ ಮುಖ

ಯುದ್ಧವು ದೆವ್ಲೆತಾಳ ಗಂಡನನ್ನು, ಮನೆಯ ಸೂರನ್ನು, ಕಡೆಗೆ ಹಸುವನ್ನೂ ತಿಂದುಹಾಕಿತ್ತು. ನಾಲಿಗೆಯನ್ನು ಮಾತ್ರ ಬಿಟ್ಟುಹೋಗಿತ್ತು. ಬೊಸ್ನಿಯಾದ ಆ ಗುಡ್ಡದ ಹಳ್ಳಿಗೆ ಮೊದಲು ಮರಳಿದವಳೂ ಅವಳೇ. ಅರವತ್ತು ದಾಟಿದ ಹೆಂಗಸು ಮಸಿ ಹಿಡಿದ ಗೋಡೆಗಳ ಮೇಲೆ ಪ್ಲಾಸ್ಟಿಕ್ ಹೊದಿಸಿ ಒಲೆ ಹಚ್ಚಿದ್ದನ್ನು ಕಂಡ ಮೇಲೆಯೇ ಊರ ಗಂಡಸರಿಗೆ ಧೈರ್ಯ ಬಂದದ್ದು.

ಆ ರಂಜಾನಿನಲ್ಲಿ ಸರಾಯೆವೊದಿಂದ ಧರ್ಮಸಂಸ್ಥೆಯೊಂದರ ಲಾರಿ ಬಂತು. ಹಿಟ್ಟು, ಎಣ್ಣೆ, ಬೀನ್ಸ್ ಕಾಳಿನ ಪೆಟ್ಟಿಗೆಗಳು. ಜೊತೆಗೆ ನೆರ್ಮಿನ್ ಎಂಬ ಯುವಕ. ಕೊರಳಲ್ಲಿ ಟೈ, ಟೈ ಮೇಲೆ ಕ್ಯಾಮೆರಾ. ರೋಜಾ ಉಪವಾಸ ಹಿಡಿದವರನ್ನು ಹಿಮದಲ್ಲಿ ನಿಲ್ಲಿಸಿ ಹಸಿವಿನ ಕುರಿತು ಉದ್ದಕ್ಕೆ ಭಾಷಣ ಬಿಗಿದ. ಆಮೇಲೆ ಪಟ ತೆಗೆಯಲು ಸುಟ್ಟ ಗೋಡೆಯ ಮುಂದೆ ಸಾಲು ಮಾಡಿಸಿದ.

"ಅಮ್ಮಾ, ಆ ಕೋಟು ತೆಗೀರಿ. ಕಾಲರಿಗೆ ತುಪ್ಪಳ ಇದೆ. ದಾನಿಗಳು ಏನಂದ್ಕೊಳ್ತಾರೆ?"

"ಹೋದ ತಿಂಗಳು ನೀವೇ ಕಳ್ಸಿದ್ದಲ್ವೇನಪ್ಪಾ?" ಎಂದಳು ದೆವ್ಲೆತಾ.

"ಆದ್ರೂ ಸ್ವಲ್ಪ ಬಡವರ ಹಾಗೆ ಕಾಣ್ಬೇಕಮ್ಮಾ."

"ಹಿಂದಿರೋ ಗೋಡೆ ಸಾಲ್ದಾ? ನಾನೂ ಒಂದಿಷ್ಟು ಸುಟ್ಕೊಳ್ಲಾ?"

ಸಾಲಿನಲ್ಲಿ ಕಿಸಕಿಸ ನಗು. ಪಕ್ಕದ ಮನೆಯ ಮುದುಕ ಮುಯಾಗ ಅವಳ ತೋಳು ಜಗ್ಗಿದ: "ಬಾಯ್ಮುಚ್ಕೊಳೇ ತಾಯಿ, ಹಿಟ್ಟು ವಾಪಸ್ ಹೋದೀತು!"

ಮೊದಲ ಪೆಟ್ಟಿಗೆ ಮುಯಾಗನಿಗೇ ಸಿಕ್ಕಿತು. ಬೆಳಕು ಸರಿಯಿಲ್ಲವೆಂದು ನೆರ್ಮಿನ್ ಅದನ್ನು ಕಿತ್ತುಕೊಂಡು ಮತ್ತೆ ಕೊಟ್ಟ. ಮುದುಕ ಕಣ್ಣು ಮುಚ್ಚಿದನೆಂದು ಮತ್ತೆ ಕಿತ್ತುಕೊಂಡ. ಇನ್ನೊಮ್ಮೆ ಕೈಚಾಚುವಾಗ ಮುಯಾಗ ಹಿಮದಲ್ಲಿ ಧೊಪ್ಪನೆ ಕುಸಿದ. ನೆರ್ಮಿನ್ ಕ್ಯಾಮೆರಾ ಎತ್ತಿದ!

ದೆವ್ಲೆತಾಳ ರಕ್ತ ಕುದಿಯಿತು. ಮುದುಕನನ್ನು ಎಬ್ಬಿಸಿ ಕೂರಿಸಿದವಳೇ ಕ್ಯಾಮೆರಾ ಕಸಿದು, ಪೆಟ್ಟಿಗೆಯನ್ನು ನೆರ್ಮಿನನ ಕೈಗೆ ತುರುಕಿ ಗೋಡೆಗೆ ನೂಕಿದಳು.

"ಹಿಡ್ಕೋ ಮಗಾ. ಹಾಂ, ಕಣ್ಣು ಒಂಚೂರು ಕೆಳಗೆ. ತುಟಿ ನಡುಗ್ಲಿ. ಆಹಾ, ಏನು ದೀನ ಮುಖ!"

ಕ್ಲಿಕ್ ಎಂದಿತು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನೆರ್ಮಿನ್ ಕೆಂಪಾಗಿ ಕ್ಯಾಮೆರಾ ಇಸಿದುಕೊಂಡು, ಪೆಟ್ಟಿಗೆಗಳನ್ನು ಇಳಿಸಿ ಲಾರಿ ಹತ್ತಿದ.

ಮುಂದಿನ ಸಲ ಲಾರಿ ಬರಲಿಲ್ಲ. ಆಗ ನಕ್ಕವರೇ ಈಗ, "ಇವಳ ನಾಲಿಗೆ ನಮ್ಮ ಅನ್ನ ಕಿತ್ಕೊಂಡ್ತು" ಎಂದು ಗೊಣಗಿದರು. ದೆವ್ಲೆತಾ ತನ್ನ ಪಾಲಿನ ಕಾಳನ್ನೆಲ್ಲ ಬೇಯಿಸಿ ಮನೆಮನೆಗೆ ಹಂಚಿದಳು. ಒಳಗೊಳಗೇ ಅವಳಿಗೂ ಅಳುಕಿತ್ತು.

ಆದರೆ ನೆರ್ಮಿನ್ ರೀಲನ್ನು ತೊಳೆಸಿ ನೋಡದೆಯೇ ವಿದೇಶದ ಕಚೇರಿಗೆ ಕಳಿಸಿಬಿಟ್ಟಿದ್ದ. ಅಲ್ಲಿಯವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದೇ ಪಟ. 'ಯುದ್ಧ ಸಂತ್ರಸ್ತ, ಹಸಿದ ಯುವಕ' ಎಂದು ಬರೆದು ತಮ್ಮ ಪತ್ರಿಕೆಯ ಮುಖಪುಟಕ್ಕೇ ಹಾಕಿದರು. ದಾನ ಹರಿದುಬಂತು. ಸರಾಯೆವೊದಲ್ಲಿ ಅದನ್ನು ಕಂಡ ಅವನ ತಾಯಿ, "ನನ್ನ ಮಗ ಎಲ್ಲಿ ಭಿಕ್ಷೆ ಬೇಡ್ತಿದಾನಪ್ಪೋ" ಎಂದು ಎದೆ ಬಡಿದುಕೊಂಡಳಂತೆ.

ವಸಂತದಲ್ಲಿ ಎರಡು ಲಾರಿ ಬಂದವು. ನೆರ್ಮಿನ್ ಕ್ಯಾಮೆರಾ ತಂದಿರಲಿಲ್ಲ. ಮುಯಾಗನ ಪೆಟ್ಟಿಗೆಯನ್ನು ತಾನೇ ಹೊತ್ತು ಅವನ ಬಾಗಿಲಿಗೆ ಮುಟ್ಟಿಸಿದ. ದೆವ್ಲೆತಾ ಅವನನ್ನು ಒಳಗೆ ಕರೆದು, ಆಲೂಗಡ್ಡೆ ತುಂಬಿ ಬೇಯಿಸಿದ ಬಿಸಿ ಪಿತಾ ರೊಟ್ಟಿ ಬಡಿಸಿದಳು. ಸಾಕೆಂದರೂ ಇನ್ನೊಂದು ತುಂಡು ಹಾಕಿದಳು.

"ನಾಚ್ಕೋಬೇಡ, ತಿನ್ನು ಮಗಾ. ಅರ್ಧ ಲೋಕ ನಿನ್ನ ಹೊಟ್ಟೆಗೆ ಅಂತಾನೇ ಕಳ್ಸಿದೆ."