ಬೀಗ ಹಾಕಿದ ಖೋಲಿಯಲ್ಲಿ ಬಿಸಿಯಾಗಿದ್ದ ಸ್ಟೋವ್

ದೆವ್ವ, ಭೂತ, ಮೈಮೇಲೆ ಬರುವುದು, ಇಂಥ ಮಾತು ಶುರುವಾದರೆ ನಾನು ಎದ್ದು ಒಳಗೆ ಹೋಗುವವಳು. ಬಾಗಲಕೋಟೆಯಲ್ಲಿ ನಮ್ಮ ತಂದೆ ಮಾಸ್ತರರಾಗಿದ್ದರು. ಕಣ್ಣಿಗೆ ಕಾಣದ್ದನ್ನು ನಂಬಬಾರದೆಂದು ಶಾಲೆಯಲ್ಲೂ ಮನೆಯಲ್ಲೂ ಒಂದೇ ಪಾಠ ಹೇಳಿದವರು. ಈಗ ನಾನು ಹೇಳಹೊರಟಿರುವುದನ್ನು ಕಣ್ಣಾರೆ ಕಂಡಿದ್ದೇನೆ, ಕೈಯಿಂದ ಮುಟ್ಟಿದ್ದೇನೆ. ಆದರೂ ನಂಬಬೇಕೋ ಬೇಡವೋ ನನಗೇ ತಿಳಿದಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಪುಣೆಯ ಶುಕ್ರವಾರ ಪೇಠೆಯಲ್ಲಿ, ಹತ್ತಾರು ಬಿಡಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ನಾವಿಬ್ಬರೂ ಸಣ್ಣ ಮಗಳೂ ಎರಡು ಖೋಲಿ ಹಿಡಿದು ಇದ್ದೆವು. ನಮ್ಮ ಯಜಮಾನರು ಪಿಂಪ್ರಿ ಕಡೆಯ ಕಾರ್ಖಾನೆಯಲ್ಲಿ ಕಾರಕೂನರು. ಒಂದು ಭಾನುವಾರ, ಜೊತೆಯಲ್ಲಿ ಕೆಲಸ ಮಾಡುವವರ ಮನೆಯ ವಾಸ್ತುಶಾಂತಿಗೆಂದು ಹತ್ತಿರದ ಭೋರ್ ಊರಿಗೆ ಹೊರಟರು. "ಸಂಜೀ ಚಹಾದ ಹೊತ್ತಿಗೆ ಬರ್ತೀನಿ" ಎಂದು ಹೇಳಿ ಹೋದವರು ಬರಲಿಲ್ಲ. ಊಟ ಮಾಡಿ ಪುಣೆಯ ಬಸ್ಸು ಹತ್ತಿದ್ದನ್ನು ಭೋರಿನವರು ನೋಡಿದ್ದರು. ಪುಣೆಯ ಸ್ವಾರಗೇಟ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಪೊಲೀಸರಿಗೆ ಹೇಳಿದೆವು, ದವಾಖಾನೆಗಳನ್ನೆಲ್ಲ ತಿರುಗಿದೆವು. ಮನೆಯಲ್ಲಿ ಜಗಳವಿರಲಿಲ್ಲ, ಅವರಿಗೆ ಬೇನೆಯಿರಲಿಲ್ಲ. ಇದ್ದ ಮನುಷ್ಯ ಇಲ್ಲವಾದ, ಅಷ್ಟೇ.

ಮಳೆಗಾಲ ಬಂತು. ವಾಡೆಯ ಹಿಂದಿನ ಗೋಡೆ ಕುಸಿಯಿತು. ಇನ್ನು ಇಲ್ಲಿ ಯಾರೂ ಇರಕೂಡದು ಎಂದು ಕಾರ್ಪೊರೇಶನ್ನಿನವರು ಹೇಳಿದರು. ಬಿಡಾರದವರೆಲ್ಲ ಒಬ್ಬೊಬ್ಬರಾಗಿ ಸಾಮಾನು ಹೊರಗೆ ಹಾಕತೊಡಗಿದರು. ನನಗೆ ಕಾಡಿದ್ದು ಒಂದೇ ಚಿಂತೆ. ಅವರು ತಿರುಗಿ ಬಂದಾಗ ಇಲ್ಲಿ ಮನೆಯೇ ಇರದಿದ್ದರೆ ಎಲ್ಲಿಗೆ ಹೋದಾರು?

ಬಾಗಲಕೋಟೆಯಿಂದ ಅಣ್ಣ ಬಂದ. "ಎಲ್ಲಾ ಮಾರಿಬಿಡು ತಂಗಿ, ಊರಿಗೆ ಹೋಗೂಣು" ಎಂದ.

"ಅವರು ಬಂದು ನನ್ನ ಮನಿ ಎಲ್ಲಿ ಅಂತ ಕೇಳಿದ್ರ ಏನ ಹೇಳ್ಲಿ ಅಣ್ಣಾ?" ಎಂದೆ. ಅಣ್ಣ ಎದ್ದು ಸಾಮಾನು ಕಟ್ಟಲು ಹಗ್ಗ ತರಹೋದ.

ಸ್ವಾರಗೇಟಿನ ಹಿಂದೆ ನಮ್ಮ ಊರಿನ ಶೆಟ್ಟರೊಬ್ಬರ ಬಟ್ಟೆಯ ಗೋದಾಮು ಇತ್ತು. ಅದರ ಪಕ್ಕದ ಒಂದು ಖೋಲಿಯನ್ನು ಸಾಮಾನು ಇಡಲು ಕೊಟ್ಟರು. ತಗಡಿನ ಮಾಡು, ಕಿಟಕಿಯಿಲ್ಲ, ಗಾಳಿಗೆಂದು ಮೇಲೆ ಅಂಗೈಯಗಲದ ತೂತುಗಳು. ನಾನು ಮನೆಯನ್ನು ಕಟ್ಟತೊಡಗಿದೆ. ಹಾಸಿಗೆ ಸುತ್ತಿ ಹಗ್ಗ ಬಿಗಿದೆ. ಹಿತ್ತಾಳೆಯ ಕೊಡಗಳಲ್ಲಿ ಬಟ್ಟಲು, ವಾಟಿಗಳನ್ನು ತುಂಬಿ ಹಳೆಯ ಸೀರೆ ತುರುಕಿದೆ. ಅವರ ಅಂಗಿ ಧೋತರಗಳನ್ನು ಟ್ರಂಕಿನಲ್ಲಿ ಎಲ್ಲಕ್ಕೂ ಮೇಲೆ ಇಟ್ಟೆ, ಬಂದ ಕೂಡಲೇ ಬೇಕಾಗುತ್ತವಲ್ಲ. ಗೋದಾಮಿನ ಹತ್ತಿರ ಎಣ್ಣೆ ಇಡಬೇಡಿ ಎಂದು ಶೆಟ್ಟರು ಹೇಳಿದ್ದರಿಂದ ಸ್ಟೋವಿನ ಚಿಮಣಿ ಎಣ್ಣೆಯನ್ನು ಹನಿ ಬಿಡದೆ ಬಸಿದೆ. ಆ ಸ್ಟೋವ್, ರೊಟ್ಟಿಯ ಹಂಚು, ಬೋಗುಣಿ, ತಾಟುಗಳನ್ನು ಒಂದು ಗೋಣಿಚೀಲಕ್ಕೆ ಹಾಕಿ ದಬ್ಬಣದಿಂದ ಬಾಯಿ ಹೊಲಿದೆ. ಇಲಿಗೆ ಹೆದರಿ ತಿನ್ನುವ ಪದಾರ್ಥ ಒಂದು ಕಾಳನ್ನೂ ಇಡಲಿಲ್ಲ. ಚೀಲವನ್ನು ಮೂಲೆಗೆ ಸರಿಸಿ, ಅದರ ಮುಂದೆ ಮಂಚವನ್ನು ಅಡ್ಡ ನಿಲ್ಲಿಸಿ, ಟ್ರಂಕುಗಳನ್ನು ಒತ್ತಿ ಇಟ್ಟೆವು. ಕೊನೆಗೆ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಬಾಗಿಲಿನವರೆಗೂ ಡಿಡಿಟಿ ಪುಡಿ ಚೆಲ್ಲಿ ಹೊರಗೆ ಬಂದೆ. ಹಾಕಿದ್ದು ನಮ್ಮ ಮನೆಯದೇ ಬೀಗ. ಅದರ ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಅವರ ಕಿಸೆಯಲ್ಲಿ.

ಅಣ್ಣ ನನ್ನ ಮಗಳನ್ನು ಕರೆದುಕೊಂಡು ಊರಿಗೆ ಹೋದ. ನಾನು ಪರಿಚಯದವರ ಮನೆಯ ಪಡಸಾಲೆಯಲ್ಲಿ ಉಳಿದೆ. ದಿನಾ ಬಸ್‌ಸ್ಟ್ಯಾಂಡಿಗೆ ಹೋಗಿ ಭೋರಿನ ಬಸ್ಸುಗಳಿಂದ ಇಳಿಯುವವರ ಮುಖ ನೋಡುತ್ತಿದ್ದೆ. ಕಂಡಕ್ಟರುಗಳಿಗೆ ನನ್ನ ಗುರುತು ಹತ್ತಿ, ನಾನು ಕೇಳುವ ಮೊದಲೇ ತಲೆ ಅಲ್ಲಾಡಿಸುತ್ತಿದ್ದರು. ಕ್ರಮೇಣ ಅನ್ನ ಗಂಟಲಿನಲ್ಲಿ ಇಳಿಯುವುದು ನಿಂತಿತು. ತಟ್ಟೆಯ ಮುಂದೆ ಕೂತರೆ ಎರಡು ತುತ್ತಿಗೇ ಎದ್ದುಬಿಡುತ್ತಿದ್ದೆ. ರಾತ್ರಿ ಮಲಗಿದರೆ ಬೆಳಗ್ಗೆ ಏಳದಿದ್ದರೂ ಸರಿ ಎನಿಸುವಷ್ಟು ಸೋತಿದ್ದೆ.

ದೀಪಾವಳಿ ಮುಗಿದ ಮೇಲೆ ಒಂದು ದಿನ, ಇನ್ನು ಸಾಕು, ಎಲ್ಲವನ್ನೂ ಯಾರಾದರೂ ಒಯ್ಯಲಿ ಎಂದು ನಿಶ್ಚಯಿಸಿ ಖೋಲಿಗೆ ಹೋದೆ. ಮಟಮಟ ಮಧ್ಯಾಹ್ನ. ಬೀಗಕ್ಕೆ ಮಳೆಯಿಂದ ತುಕ್ಕು ಹತ್ತಿತ್ತು. ಕೀಲಿ ತಿರುಗಿಸಲು ಎರಡೂ ಕೈ ಹಚ್ಚಬೇಕಾಯಿತು. ಬಾಗಿಲು ತೆರೆದೆ. ಒಗ್ಗರಣೆಯ ವಾಸನೆ ಮುಖಕ್ಕೆ ಬಡಿಯಿತು.

ಸಾಮಾನುಗಳ ಮುಂದೆ ಖಾಲಿ ಬಿಟ್ಟಿದ್ದ ನೆಲದಲ್ಲಿ ನನ್ನ ಸ್ಟೋವ್ ಇತ್ತು. ಅದರ ಮೇಲೆ ನನ್ನ ಸಣ್ಣ ಬೋಗುಣಿ, ಮೇಲೊಂದು ತಾಟು ಮುಚ್ಚಿತ್ತು. ಹೊಸ್ತಿಲಿನಲ್ಲೇ ನಿಂತು ಕೆಳಗೆ ನೋಡಿದೆ. ಡಿಡಿಟಿ ಪುಡಿ ನಾನು ಚೆಲ್ಲಿದ ಹಾಗೇ ಹಾಸಿಕೊಂಡಿತ್ತು. ಹಲ್ಲಿ ಹರಿದ ಗೆರೆಯೊಂದು ಬಿಟ್ಟರೆ ಅದರಲ್ಲಿ ಯಾವ ಗುರುತೂ ಇರಲಿಲ್ಲ.

ಒಳಗೆ ಹೋಗಿ ಸ್ಟೋವ್ ಮುಟ್ಟಿದೆ. ಬಿಸಿಯಿತ್ತು. ಮಂಚದ ಹಿಂದೆ, ಟ್ರಂಕುಗಳ ಸಂದಿಯಲ್ಲಿ ಇಣುಕಿದೆ. ಯಾರೂ ಇಲ್ಲ. ಆಗ ಅವರ ಹೆಸರು ಹಿಡಿದು ಕೂಗಿದೆ. ಮದುವೆಯಾದ ಮೇಲೆ ನಾನು ಅವರ ಹೆಸರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ತಗಡಿನ ಮಾಡಿಗೆ ಬಡಿದು ನನ್ನ ದನಿಯೇ ತಿರುಗಿ ಬಂತು.

ಹೆದರಿಕೆ ಯಾಕೋ ಆಗಲಿಲ್ಲ. ತಾಟು ತೆಗೆದೆ. ಒಬ್ಬರಿಗೆ ಸಾಕಾಗುವಷ್ಟು ಒಗ್ಗರಣೆ ಅವಲಕ್ಕಿ, ಹಸಿಮೆಣಸಿನಕಾಯಿ ಉದ್ದಕ್ಕೆ ಸೀಳಿ ಹಾಕಿದ್ದು. ನೆಲದ ಮೇಲೆ ಕೂತು ತಿಂದೆ. ಬೋಗುಣಿ ಬರಿದಾಗುವವರೆಗೂ ತಿಂದೆ. ತಿನ್ನುತ್ತ ಅಳು ಬಂತು, ಅಳುತ್ತಲೇ ತಿಂದೆ.

ಆಮೇಲೆ ಶೆಟ್ಟರನ್ನು ಕರೆದೆ. ಅವರೂ ಸ್ಟೋವ್ ಮುಟ್ಟಿ ನೋಡಿ ಕೈ ಹಿಂದೆ ತೆಗೆದುಕೊಂಡರು. "ಖರೇನ ನೀವು ಹಚ್ಚಿಲ್ಲೇನ್ರಿ, ಅಕ್ಕಾರ?" ಎಂದರು. ಅಲುಗಾಡಿಸಿದರೆ ಸ್ಟೋವಿನ ಟಾಕಿಯಲ್ಲಿ ಎಣ್ಣೆಯ ಸಪ್ಪಳವೇ ಇಲ್ಲ. ಇನ್ನೊಂದು ಕೀಲಿ ಯಾರ ಹತ್ತಿರ ಎಂಬುದನ್ನು ಹೇಳಿದೆ. "ಹಂಗಾರ ನಿಮ್ಮ ಯಜಮಾನ್ರ ಬಂದು ಹೋಗಿರಬೇಕು" ಎಂದು ಅವರ ಮುಖ ಅರಳಿತು. ನಾನು ಬಾಗಿಲಿನ ಪುಡಿ ತೋರಿಸಿದೆ. ಒಳಬಂದ ನಮ್ಮಿಬ್ಬರ ಹೆಜ್ಜೆಗಳು ಮಾತ್ರ ಅದರಲ್ಲಿ ಮೂಡಿದ್ದವು. ಇಬ್ಬರೂ ಸೇರಿ ಟ್ರಂಕು, ಮಂಚ ಸರಿಸಿ ಆ ಗೋಣಿಚೀಲ ಎಳೆದೆವು. ನಾನು ಹಾಕಿದ ಹೊಲಿಗೆ ಒಂದೂ ಬಿಚ್ಚಿರಲಿಲ್ಲ. ಬಿಚ್ಚಿ ನೋಡಿದರೆ ಹಂಚು ಇತ್ತು, ಉಳಿದ ಪಾತ್ರೆಗಳಿದ್ದವು. ಸ್ಟೋವ್, ಆ ಸಣ್ಣ ಬೋಗುಣಿ ಮತ್ತು ಒಂದು ತಾಟು ಮಾತ್ರ ಇರಲಿಲ್ಲ. ಶೆಟ್ಟರು ಹೆಗಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ಈ ಮಾತು ಇಲ್ಲೇ ಇರ್ಲಿ ಬಿಡ್ರಿ" ಎಂದರು.

ಸಾಮಾನು ಮಾರಲಿಲ್ಲ. ಎಷ್ಟೋ ದಿನ ಆ ಖೋಲಿಯ ಬಾಗಿಲಿನಲ್ಲಿ ಕೂತು ಕಾದೆ. ಮತ್ತೆ ಏನೂ ನಡೆಯಲಿಲ್ಲ, ಅವರೂ ಬರಲಿಲ್ಲ. ಈವರೆಗೂ ಬಂದಿಲ್ಲ. ಆದರೆ ಆ ದಿನದಿಂದ ನನಗೆ ಅನ್ನ ಸೇರತೊಡಗಿತು. ಶೆಟ್ಟರ ಅಂಗಡಿಗೆ ಲಂಗ, ಜಂಪರು ಹೊಲಿದುಕೊಡುವ ಕೆಲಸ ಹಿಡಿದೆ, ಪುಣೆಯ ಅಂಚಿನ ಧನಕವಡಿಯಲ್ಲಿ ಒಂದು ಖೋಲಿ ಮಾಡಿ ಮಗಳನ್ನು ಕರೆಸಿಕೊಂಡೆ.

ಸತ್ತವರು ಬಂದರೋ, ಬದುಕಿದ್ದವರು ಬಂದರೋ, ಹಸಿವಿನಿಂದ ನನ್ನ ತಲೆಯೇ ಕೆಟ್ಟಿತ್ತೋ? ತಲೆ ಕೆಟ್ಟಿದ್ದರೆ ಶೆಟ್ಟರ ಕೈಗೆ ಬಿಸಿ ಹತ್ತಿದ್ದು ಹೇಗೆ? ಇಷ್ಟು ವರ್ಷ ಯೋಚಿಸಿಯೂ ನನಗೆ ಯಾವುದನ್ನೂ ತೀರ್ಮಾನಿಸಲಾಗಿಲ್ಲ.

ಮೊನ್ನೆ ಮಗಳಿಗೆ ಮೊದಲ ಸಲ ಇದನ್ನೆಲ್ಲ ಹೇಳಿದೆ. ಅವಳು ಕೇಳಿದಳು, "ಅವ್ವಾ, ಅದು ಅಪ್ಪನ ಕೈಯಾಗಿನ ರುಚಿ ಇತ್ತೇನು?"

"ನಿಮ್ಮಪ್ಪ ಒಂದು ದಿನಾನೂ ಒಲಿ ಮುಂದ ಕೂತವ್ರಲ್ಲ. ಅವ್ರ ಕೈರುಚಿ ನನಗೇನ ಗೊತ್ತು?" ಎಂದೆ. "ಉಪ್ಪು ಸ್ವಲ್ಪ ಕಡಿಮಿ ಇತ್ತು."